ಯಾರೂ ಇಳಿಸದ ಚೀಲ

"ಸಾಹೇಬರು ಮೀಟಿಂಗಲ್ಲಿದ್ದಾರೆ," ಎಂದಳು ಮುಂದಿನ ಮೇಜಿನ ಹೆಂಗಸು, ಹೊಲಿಗೆ ಅಂಗಡಿಯ ಗುಮಾಸ್ತ ಬಾಯಿ ತೆರೆಯುವ ಮೊದಲೇ.

ಗುಮಾಸ್ತ ಬಿಲ್ಲನ್ನು ಮೇಜಿನ ಮೇಲೆ ಬಡಿದ. ಇದು ಹದಿನೇಳನೆಯ ಸಲ. ಈ ಕಚೇರಿಯ ಕಿಟಕಿಗಳಿಗೆ ಪರದೆ ಹೊಲಿದುಕೊಟ್ಟು ಒಂಬತ್ತು ತಿಂಗಳಾಗಿತ್ತು. ಆ ಹಣ ಲೆಕ್ಕದ ಪುಸ್ತಕದಲ್ಲಿ 'ಬರಬೇಕಾದದ್ದು' ಎಂಬ ಹೆಸರಿನಲ್ಲಿ ಕೊಬ್ಬಿ ಕೂತಿತ್ತು. ಪುಸ್ತಕ ನೋಡಿದರೆ ಹೊಲಿಗೆ ಅಂಗಡಿ ಸಿರಿವಂತ. ಗಲ್ಲಾಪೆಟ್ಟಿಗೆ ನೋಡಿದರೆ ನಾಲ್ಕು ಗುಂಡಿ, ಒಂದು ದಾರದ ಉಂಡೆ. ಹೊಲಿಯುವ ಹನ್ನೆರಡು ಹೆಂಗಸರಿಗೆ ಮೂರು ತಿಂಗಳಿಂದ ಸಂಬಳವಿಲ್ಲ. ಅವನಿಗೂ ಇಲ್ಲ.

"ತಮ್ಮಾ, ಪುಸ್ತಕದಲ್ಲಿರೋ ದುಡ್ಡನ್ನ ಒಲೆ ಮೇಲಿಟ್ರೆ ಬೇಯುತ್ತಾ?" ಎಂದು ಬೆಳಿಗ್ಗೆ ಹೊಲಿಗೆಯ ದೊಡ್ಡಕ್ಕ ಕೇಳಿದ್ದಳು. ಅಂಗಡಿಯ ಯಜಮಾನ ಅಷ್ಟು ಕೂಡ ಮಾತಾಡಿರಲಿಲ್ಲ. "ದುಡ್ಡಿಲ್ಲದೆ ಬಂದ್ರೆ ನಿನಗೆ ಕೆಲಸ ಇಲ್ಲ," ಎಂದು ಅಟ್ಟಿದ್ದ.

"ದುಡ್ಡು ಸಿಗೋವರೆಗೂ ನಾನು ಇಲ್ಲಿಂದ ಕದಲಲ್ಲ," ಎಂದ ಗುಮಾಸ್ತ.

"ಮೊದಮೊದಲು ಎಲ್ಲರೂ ಹಾಗೇ ಅಂತಾರೆ," ಎಂದಳು ಹೆಂಗಸು. ದನಿಯಲ್ಲಿ ಕೊಂಕಿರಲಿಲ್ಲ.

ಇಷ್ಟು ದಿನ ಬಾಗಿಲಿಂದಲೇ ಮರಳುತ್ತಿದ್ದವನು ಇವತ್ತು ಕೂತು ನೋಡಿದ. ವಿಚಿತ್ರ ಜನ. ಈಗಲೋ ಆಗಲೋ ಹೊರಡುವವರಂತೆ ಎಲ್ಲರ ಹೆಗಲಲ್ಲೂ ಚೀಲ. ಮುಂದಿನ ಮೇಜಿನವಳ ಚೀಲದ ಮೇಲೆ ಯಾವುದೋ ಮೇಜಿನಂಗಡಿಯ ಹೆಸರು. ಲೆಕ್ಕ ಬರೆಯುವವನದರ ಮೇಲೆ ಕಾಗದದಂಗಡಿಯದು. ಕಾಫಿ ಕೊಡುವವಳದರ ಮೇಲೆ ಲೋಟದಂಗಡಿಯದು. ಬಾಕಿ ಕೊಡದ ಜಿಪುಣರು ಚೀಲವನ್ನೂ ಬಿಟ್ಟಿ ಗಿಟ್ಟಿಸಿದ್ದಾರೆ ಎಂದು ಅವನಿಗೆ ಮೈಯೆಲ್ಲ ಉರಿಯಿತು.

"ನಾಚಿಕೆ ಆಗಲ್ವೇನ್ರೀ ನಿಮಗೆ?"

"ಕಂಪನಿ ಕೈಗೆ ದುಡ್ಡು ಬರಬೇಕಲ್ಲ ಸ್ವಾಮಿ," ಎಂದ ಲೆಕ್ಕ ಬರೆಯುವವನು ತಲೆಯೆತ್ತದೆ. "ಬರಲಿ ಅಂತ ತಾನೇ ನಾವೆಲ್ಲ ಹೀಗೆ ದುಡೀತಿರೋದು? ಸುಮ್ನೆ ಕೂತಿದ್ದೀರಲ್ಲ, ಆ ಫೋನ್ ಸ್ವಲ್ಪ ಎತ್ತಿ."

ಗುಮಾಸ್ತ ಎತ್ತಿದ. ಯಾವನೋ ಗಾಜಿನಂಗಡಿಯವನು, ಬಾಕಿ ಕೇಳುತ್ತಿದ್ದ. ಕಿರಿಕಿರಿಗೆ ಗುಮಾಸ್ತನ ಬಾಯಿಂದ ತಾನಾಗಿಯೇ ಬಂತು: "ಸಾಹೇಬರು ಮೀಟಿಂಗಲ್ಲಿದ್ದಾರೆ."

ಕಚೇರಿಯೆಲ್ಲ ತಲೆಯೆತ್ತಿ ಅವನನ್ನು ನೋಡಿತು. ಕಾಫಿಯವಳು ಅವನಿಗೂ ಒಂದು ಲೋಟ ತಂದಿಟ್ಟಳು.

ಸಂಜೆ ಐದಕ್ಕೆ ಅವನ ತಾಳ್ಮೆ ಕಿತ್ತುಹೋಯಿತು. ನುಗ್ಗಿ ಸಾಹೇಬರ ಬಾಗಿಲನ್ನು ಒದ್ದ. ಮೀಟಿಂಗೂ ಇಲ್ಲ, ಮಣ್ಣೂ ಇಲ್ಲ. ದೊಡ್ಡ ಕುರ್ಚಿಯಲ್ಲಿ ನರೆಗೂದಲಿನ ಒಬ್ಬನೇ ಮನುಷ್ಯ, ಕಾಗದಗಳಿಗೆ ರುಜು ಹಾಕುತ್ತಿದ್ದ. ಅವನ ಹೆಗಲಲ್ಲೂ ಚೀಲ.

"ಹನ್ನೆರಡು ಹೆಂಗಸರ ಅನ್ನ ತಿಂದವನೇ, ಇಡು ದುಡ್ಡು!"

ಸಾಹೇಬ ಮೆಲ್ಲಗೆ ಚೀಲದೊಳಗೆ ಕೈಹಾಕಿ, ಮಡಿಕೆಗಳಲ್ಲಿ ಹರಿದುಹೋಗಿದ್ದ ಬಿಲ್ಲೊಂದನ್ನು ತೆಗೆದ.

"ಮಾಲೀಕರಿಗೆ ಲಾಭ ಮನೆಗೇ ಹೋಗುತ್ತಪ್ಪಾ, ಅವರು ಇಲ್ಲಿಗೆ ಯಾಕೆ ಬರ್ತಾರೆ? ನಾನು ಈ ಕುರ್ಚಿಯ ಬಾಕಿ ಕೇಳೋಕೆ ಬಂದೋನು, ಹನ್ನೊಂದು ವರ್ಷ ಆಯ್ತು. ನೀನು ಪರದೆಯವನು ತಾನೇ? ಕಿಟಕಿ ಪಕ್ಕದ ಜಾಗ ನಿನಗೇ ಅಂತ ಖಾಲಿ ಇಟ್ಟಿದ್ದೀವಿ."