ಉಡಿ ಒಡ್ಡಿದಾಕಿ

ನಗರಸಭೆ ಚುನಾವಣೆಗೆ ನಿಂತ ವಿಶಾಲಾಕ್ಷಿ ಸೆರಗು ಒಡ್ಡಿಯೇ ಇದ್ದಳು. ಮತ ಕೇಳಲು ಬಂದ ಹೆಣ್ಣುಮಗಳಿಗೆ ಬೆಟಗೇರಿಯ ಆ ಓಣಿಯವರು ಸೆರಗಿಗೆ ಅಕ್ಕಿ, ಕಾಯಿ ಹಾಕಿ ಉಡಿ ತುಂಬದೆ ಕಳಿಸುವುದಿಲ್ಲ. ಆದರೆ ಅಕ್ಕಿ ಹಾಕಿದ ನೀಲಗಂಗವ್ವ ತೆಂಗಿನಕಾಯಿಯನ್ನು ಕೈಯಲ್ಲೇ ಹಿಡಿದು ಕೇಳಿದಳು: “ಬಸ್ ಅಂತೂ ಈ ಕಡೆ ಬರಂಗಿಲ್ಲ. ದವಾಖಾನಿಗೆ ನಡದ ಹೋಗೂಣಂದ್ರ ಫುಟ್‌ಪಾತ್ ತುಂಬ ಅಂಗಡಿಯವರ ಕಟ್ಟಿ ಅದಾವ. ಲಾರಿ ಬಾಯಾಗ ನಡೀಬೇಕೇನವ್ವಾ ನಾವು?”

“ರಸ್ತೆ ಅಗಲ ಮಾಡಸ್ತೇವ ಯವ್ವಾ, ಕಾರು ಸರ್ರಂತ ಹೋಗಬೇಕು!” ಜೀಪಿನಲ್ಲಿ ಕುಳಿತೇ ವಿಶಾಲಾಕ್ಷಿಯ ಗಂಡ ದೇವೇಂದ್ರಪ್ಪ ಕೂಗಿದ. ಪ್ರಚಾರ ಶುರುವಾದಾಗಿನಿಂದ ಅವಳ ಉತ್ತರಗಳೆಲ್ಲ ಅವನ ಬಾಯಿಂದಲೇ ಬರುತ್ತಿದ್ದವು.

“ನಿಮ್ಮನ್ನ ಯಾರ್ ಕೇಳ್ಯಾರ್ರಿ? ಉಡಿ ಒಡ್ಡಿದಾಕಿ ಹೇಳ್ಲಿ. ಇಲ್ಲಾ, ನೀವ ಇಳದ ಬಂದು ಧೋತರ ಒಡ್ರಿ!” ಎಂದಳು ನೀಲಗಂಗವ್ವ.

ಹೆಂಗಸರೆಲ್ಲ ನಕ್ಕರು. ವಿಶಾಲಾಕ್ಷಿಗೆ ನಗು ಬರಲಿಲ್ಲ. ಫುಟ್‌ಪಾತನ್ನು ಮೊದಲು ನುಂಗಿದ ಕಟ್ಟೆ ಯಾರದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಟ್ಟಿರಲಿಲ್ಲ. ಹಿಂದಿನಿಂದ ಜೀಪಿನ ಹಾರ್ನ್ ಕೇಳಿತು, ಮತ್ತೆ ಕೇಳಿತು. ವಿಶಾಲಾಕ್ಷಿ ಒಡ್ಡಿದ ಸೆರಗು ಇಳಿಸಲಿಲ್ಲ. ಮನೆಗೆ ಹೋದ ಮೇಲೆ ಏನಾದೀತೆಂದು ಅವಳಿಗೆ ಗೊತ್ತಿಲ್ಲದೇನಿಲ್ಲ.

“ಮೊದಲ ನಮ್ಮ ಅಂಗಡಿ ಕಟ್ಟಿ ಒಡಸ್ತೇನಿ ಯವ್ವಾ,” ಎಂದಳು, ಜೀಪಿನವರೆಗೂ ಕೇಳುವಷ್ಟು ಗಟ್ಟಿಯಾಗಿ.