ಏಕಾದಶಿಯ ಕೆಮ್ಮು

“ಖಾಂಸೋ ಕಾಕಾ, ಜೋರ್ ಸೇ!” ಎಂದು ಆಸ್ಪತ್ರೆಯ ಸಿಸ್ಟರ್ ತಾನೇ ಒಮ್ಮೆ ಕೆಮ್ಮಿ ತೋರಿಸಿದಳು. ಮುಂಬಯಿ ಪಕ್ಕದ ಡೊಂಬಿವಲಿಯ ಹೋಟೆಲಿನ ಗಲ್ಲಾದಲ್ಲಿ ಕೂತು ಅಡುಗೆಮನೆಯವರೆಗೆ ಕೂಗು ಹಾಕುತ್ತಿದ್ದ ವಿಷ್ಣುಮೂರ್ತಿಗಳು ದಿಂಬನ್ನು ಎದೆಗೆ ಅಪ್ಪಿಕೊಂಡು ಕಣ್ಣು ಮುಚ್ಚಿದರು. ಹೃದಯದ ಆಪರೇಷನ್ನಿನಲ್ಲಿ ಸೀಳಿದ ಎದೆಮೂಳೆಯನ್ನು ತಂತಿಯಿಂದ ಬಿಗಿದಿದ್ದರು. ಮಾತ್ರೆ ಕೊಟ್ಟ ಮೇಲೂ ಇಷ್ಟು ನೋವೇ, ಕಫ ಒಳಗೇ ನಿಂತರೆ ನ್ಯುಮೋನಿಯಾ ಆಗುತ್ತದೆ ಎನ್ನುತ್ತಾ ಸಿಸ್ಟರ್ ಡಾಕ್ಟರನ್ನು ಕರೆಯಲು ಓಡಿದಳು.

ಹೆಂಡತಿ ಸುಗುಣಾ ದಿಂಬು ಸರಿಪಡಿಸಹೋದಳು. ಕವರಿನೊಳಗೆ ಏನೋ ಬೆರಳಿಗೆ ತಾಗಿತು. ಬೆಳಗ್ಗೆ ಕೊಟ್ಟ ನೋವಿನ ಮಾತ್ರೆ!

“ಇದೆಂತದು ನಿಮ್ಮದು?”

“ಇವತ್ತು ಏಕಾದಶಿ ಅಲ್ವಾ ಮಾರಾಯ್ತಿ. ನೀರು ಸಹ ಕುಡಿಯಲಿಕ್ಕಿಲ್ಲ. ನೀನೂ ಕುಡೀಲಿಲ್ಲ. ನಾಳೆ ತಗೊಳ್ತೇನೆ.” ಮಾತಿನ ನಡುವೆ ಅವರ ಎದೆಯೊಳಗೆ ಕಫ ಗೊರಗೊರ ಎಂದಿತು.

ಮದುವೆಯಾದಾಗಿನಿಂದ ಒಂದು ಏಕಾದಶಿಯನ್ನೂ ತಪ್ಪಿಸದ ಸುಗುಣಾ ಲೋಟಕ್ಕೆ ನೀರು ಬಗ್ಗಿಸಿದಳು. ಅವರು ಬೇಡವೆಂದು ತಲೆ ಅಲ್ಲಾಡಿಸಿದರು. ಅವಳು ಲೋಟ ಎತ್ತಿ, ಅವರು ನೋಡುತ್ತಿದ್ದಂತೆಯೇ, ಗಟಗಟನೆ ಅರ್ಧ ನೀರು ತಾನು ಕುಡಿದಳು.

“ನನ್ನದು ಮುರೀತು,” ಎಂದು ಮಾತ್ರೆ ಚಾಚಿದಳು. “ಇನ್ನು ನಿಮ್ಮದು.”

ವಿಷ್ಣುಮೂರ್ತಿಗಳು ಮಾತ್ರೆಗೆ ಬಾಯಿ ತೆರೆದರು.