ಬೆಚ್ಚಗಿನ ಗೋಡೆ

ದೀಪ ಆರಿತು.

"ಕರೆಂಟ್ ಹೋಯ್ತೇನೋ?" ಎಂದಳು ತಾಯಿ.

ದೊಡ್ಡ ಮಗ ಕೂತಲ್ಲೇ ಕೈಯೆತ್ತಿ ಬೀಸಿದ. ದೀಪ ಮತ್ತೆ ಹೊತ್ತಿತು. ಚಿತಾಗಾರದ ಕಾಯುವ ಕೋಣೆಯಲ್ಲಿ ಅವರಿಬ್ಬರೇ ಇದ್ದರು. ತೀರಿಕೊಂಡ ಕಿರಿಮಗ ಪುಟ್ಟನನ್ನು ಒಳಗಿನ ಕುಲುಮೆಗೆ ಒಪ್ಪಿಸಿ ಬಂದಿದ್ದರು. ಬೂದಿ ಕೈಗೆ ಬರುವವರೆಗೆ ಕೂತಿರಬೇಕಿತ್ತು. ಹೊರಗೆ ಮೋಡ ಮುಸುಕಿದ ಸಂಜೆ, ಎಲುಬಿಗೆ ಇಳಿಯುವ ಚಳಿ.

"ಯಾರಿಗೆ ಕೈ ಬೀಸ್ದೆ?"

"ಯಾರಿಗೂ ಇಲ್ಲಮ್ಮ. ಇಲ್ಲಿ ಯಾರೂ ಅಲ್ಲಾಡದೆ ಇದ್ರೆ ದೀಪ ತಾನಾಗೇ ಆರುತ್ತೆ. ಕರೆಂಟ್ ಉಳೀಲಿ ಅಂತ."

"ಸತ್ತೋರನ್ನ ಕಳಿಸೋಕೆ ಬಂದೋರು ಸುಮ್ನೆ ಕೂರದೆ ಕುಣೀತಾರೇನು? ಯಾವ ಪುಣ್ಯಾತ್ಮ ಕಟ್ಟಿದ್ನೋ!"

ಮಗ ನೆಲ ನೋಡಿದ. ಆ ಪುಣ್ಯಾತ್ಮ ಅವನೇ. ವಾಸ್ತುಶಿಲ್ಪಿಯಾದ ಅವನಿಗೆ ನಾಲ್ಕು ಜನರ ನಡುವೆ ಹೆಸರು ತಂದ ಕಟ್ಟಡ ಇದು. ಹೊರಬಾಗಿಲ ಪಕ್ಕದ ಕಲ್ಲಿನಲ್ಲಿ ಅವನ ಹೆಸರಿತ್ತು. ಅದರ ಕೆಳಗೆ, ಈ ಕಟ್ಟಡ ಭೂಮಿಯ ಗಾಳಿಗೆ ಚಿಟಿಕೆಯಷ್ಟು ಇಂಗಾಲವನ್ನೂ ಹೆಚ್ಚಿಗೆ ಸೇರಿಸುವುದಿಲ್ಲ ಎಂದು ಕೆತ್ತಿತ್ತು. ತಾಯಿಗೆ ಮಾತ್ರ ಅವನು, ದೊಡ್ಡದೊಂದು ಸರ್ಕಾರಿ ಕಟ್ಟಡ ಎಂದಷ್ಟೇ ಹೇಳಿದ್ದ. ಮಸಣದ ಮಾತು ಮನೆಯೊಳಗೆ ಯಾಕೆ ಎಂದು. ಈ ಹೊತ್ತು ಅವಳು ಬಾಗಿಲು ದಾಟುವಾಗ ಕಣ್ಣೀರಿನಲ್ಲಿ ಆ ಕಲ್ಲನ್ನು ನೋಡಿರಲಿಲ್ಲ.

ಅವಳು ದೇವರ ಹೆಸರು ಹೇಳಿಕೊಳ್ಳುತ್ತ ಹಿಂದಕ್ಕೆ ಒರಗಿದಳು. ತುಟಿಗಳು ನಿಂತವು. ಅಂಗೈಯಿಂದ ಗೋಡೆ ಮುಟ್ಟಿ ನೋಡಿದಳು.

"ಅಯ್ಯೋ, ಎಷ್ಟು ಬೆಚ್ಚಗಿದ್ಯೋ ಈ ಗೋಡೆ! ಬಾ, ನೀನೂ ಒರಗ್ಕೋ. ಬೆಳಿಗ್ಗೆಯಿಂದ ನಡುಗ್ತಿದ್ದೀಯ."

ಮಗ ಬೆಂಚಿನ ತುದಿಗೆ ಸರಿದ. "ಅಮ್ಮ, ಆ ಕಡೆ ಬೆಂಚಿಗೆ ಹೋಗೋಣ."

"ಅಲ್ಯಾಕೆ? ಅಲ್ಲಿ ಕಿಟಕಿ, ಥಂಡಿ."

ಆ ಗೋಡೆಯೊಳಗಿನ ಕೊಳವೆಗಳನ್ನು ಅವನು ನಕ್ಷೆಯಲ್ಲಿ ತನ್ನ ಕೈಯಾರೆ ಬರೆದಿದ್ದ. ಕುಲುಮೆಯ ಹೊಗೆಯಲ್ಲಿ ಸುಮ್ಮನೆ ಆಕಾಶಕ್ಕೆ ಹೋಗುವ ಬಿಸಿಯನ್ನು ಹಿಡಿದು, ನೀರಿಗೆ ಕೊಟ್ಟು, ಆ ನೀರನ್ನು ಬೆಂಚಿನ ಬೆನ್ನಿಗೆ ಹರಿಸುವ ಉಪಾಯ ಅದು. ನಕ್ಷೆ ತೋರಿಸಿದ ದಿನ ಸಭೆಯಲ್ಲಿ ಒಬ್ಬ ಹುಡುಗಿ ಕೇಳಿದ್ದಳು: "ಅಲ್ಲಿ ಕೂತವರಿಗೆ ಇದನ್ನ ಹೇಳಬೇಕಾ ಸರ್?" ಬೆಚ್ಚಗಿದ್ದರೆ ಸಾಕು, ಎಲ್ಲಿಂದ ಬಂತು ಅಂತ ಯಾರು ಕೇಳ್ತಾರೆ ಎಂದು ಅವನು ನಕ್ಕಿದ್ದ. ಎಲ್ಲರೂ ನಕ್ಕಿದ್ದರು.

"ಪುಟ್ಟನ ಕೋಣೇಲಿ ಇಂಥದ್ದೊಂದು ಗೋಡೆ ಇದ್ದಿದ್ರೆ," ಎಂದಳು ತಾಯಿ. "ಅವನ ಗೋಡೆ ಮುಟ್ಟಿದ್ರೆ ಕೈ ಒದ್ದೆ ಆಗ್ತಿತ್ತು. ಕಿಟಕಿ ಸಂದಿಗೆ ಹಳೇ ಪೇಪರು ತುರುಕ್ಕೊಂಡು ಮಲಗ್ತಿದ್ದ. ಆ ಕೆಮ್ಮು ಎದೆಗೆ ಇಳಿದಿದ್ದೇ ಅಲ್ಲಿ. ಅಣ್ಣ ಒಂದ್ಸಲ ಬಂದು ನೋಡಿದ್ರೆ ಏನಾದ್ರೂ ದಾರಿ ಹೇಳ್ತಾನೆ ಅಂತಿದ್ದ. ಅವನಿಗೆ ನಿನ್ನ ವಿದ್ಯೆ ಮೇಲೆ ಅಷ್ಟು ನಂಬಿಕೆ."

"ಬರ್ತೀನಿ ಅಂದಿದ್ದೆನಲ್ಲಮ್ಮ."

"ಅಂದಿದ್ದೆ. ದೊಡ್ಡ ಕೆಲಸ ಹಿಡಿದಿದ್ದೀನಿ, ಮುಗಿಸ್ಕೊಂಡು ಬರ್ತೀನಿ ಅಂದಿದ್ದೆ."

ಒಳಬಾಗಿಲು ತೆರೆಯಿತು. ಕುಲುಮೆ ನೋಡಿಕೊಳ್ಳುವವನು ಕೈಯೊರೆಸಿಕೊಳ್ಳುತ್ತ ಬಂದು, "ಇನ್ನು ಸ್ವಲ್ಪ ಹೊತ್ತು ಅಜ್ಜಿ," ಎಂದವನು ಮಗನ ಮುಖ ಕಂಡು ನಿಂತ.

"ಸಾರ್, ನೀವಾ! ಬೆಳಿಗ್ಗೆ ಚೀಟಿ ಬರೆಯುವಾಗ ಗೊತ್ತೇ ಆಗ್ಲಿಲ್ಲ. ಅಜ್ಜಿ, ಇದನ್ನ ಕಟ್ಟಿಸಿದ್ದೇ ನಿಮ್ಮ ಮಗ! ನೋಡೋಕೆ ಎಲ್ಲೆಲ್ಲಿಂದಲೋ ಜನ ಬರ್ತಾರೆ. ಒಳಗಿನ ಬಿಸಿ ಒಂಚೂರೂ ಪೋಲಾಗಲ್ಲ ಇಲ್ಲಿ. ಎಲ್ಲ ಈ ಗೋಡೆಗೇ..."

ಮಾತು ಅಲ್ಲಿಗೆ ನಿಂತಿತು. ಒಳ್ಳೆಯ ಮನುಷ್ಯ; ಸಮಾಧಾನಕ್ಕೆಂದೇ ಬಾಯಿ ತೆರೆದಿದ್ದ. ಗೋಡೆಯ ಮೇಲಿದ್ದ ಮುದುಕಿಯ ಅಂಗೈ ನೋಡಿ, ಬಂದಷ್ಟೇ ಬೇಗ ಒಳಗೆ ಹೋದ.

"ಒಳಗಿನ ಬಿಸಿ ಅಂದ್ರೆ ಯಾವುದೋ?" ಎಂದು ತಾಯಿ ಕೇಳಿದಳು.

ಮಗ ಮುಚ್ಚಿದ ಒಳಬಾಗಿಲ ಕಡೆ ನೋಡಿದ. ಅವಳು ಇನ್ನೊಮ್ಮೆ ಕೇಳಲಿಲ್ಲ. ಕೆಂಡ ಮುಟ್ಟಿದವಳಂತೆ ಕೈ ಎಳೆದುಕೊಳ್ಳುತ್ತಾಳೆ, ಚೀರುತ್ತಾಳೆ, ತನ್ನನ್ನು ಶಪಿಸುತ್ತಾಳೆ ಎಂದು ಅವನು ಕಾದ. ಅವಳು ಮೆಲ್ಲಗೆ ಗೋಡೆಯ ಕಡೆ ತಿರುಗಿ, ಜ್ವರ ಬಂದ ಮಗುವಿನ ಹಣೆ ನೋಡುವ ಹಾಗೆ ಎರಡನೆಯ ಅಂಗೈಯನ್ನೂ ಅಲ್ಲಿಟ್ಟಳು.

"ಅಮ್ಮ, ಏಳು. ಹೊರಗೆ ಹೋಗೋಣ."

"ನಾನು ಎಲ್ಲಿಗೂ ಬರಲ್ಲ."

"ದಮ್ಮಯ್ಯ ಅಂತೀನಿ, ಏಳಮ್ಮ."

"ನೀನು ಕೂತ್ಕೋ." ಅವಳ ದನಿ ಏರಲಿಲ್ಲ. "ಬದುಕಿದ್ದಾಗ ಬಾ ಬಾ ಅಂತ ಕರೆದ. ಹೋಗ್ಲಿಲ್ಲ ನೀನು. ಈಗಲಾದ್ರೂ ಅವನ ಪಕ್ಕ ಒಂದು ಗಳಿಗೆ ಕೂತ್ಕೋ."

ಅವನು ಕೂತ. ಒರಗಲು ಮನಸ್ಸಾಗಲಿಲ್ಲ, ತಾಯಿ ತೋಳು ಹಿಡಿದು ಹಿಂದಕ್ಕೆ ಒರಗಿಸಿದಳು. ಅಂಗಿಯ ಮೂಲಕ ಬಿಸಿ ಹಿತವಾಗಿ ಬೆನ್ನಿಗೆ ಇಳಿಯಿತು. ಬೆಳಗಿನಿಂದ ಬಿಡದಿದ್ದ ನಡುಕ ಅವನನ್ನು ಕೇಳದೆಯೇ ನಿಂತುಹೋಯಿತು.

ಇಬ್ಬರೂ ಅಲುಗಲಿಲ್ಲ. ದೀಪ ಆರಿತು. ಬೀಸಲು ಅವನ ಕೈ ಏಳಲಿಲ್ಲ.

ಕತ್ತಲಲ್ಲಿ ತಾಯಿ ಕೇಳಿದಳು: "ಬೆಚ್ಚಗಾಯ್ತೇನೋ?"